ನೊರಿಕುರಾದ ಹೊರೆಯವಳು

ಒಕುಹಾರಾ ಮನೆಯಲ್ಲಿ ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಆದಾಗ ಅಪ್ಪ ಅದಕ್ಕೆ ತೊಮೆ ಎಂದು ಹೆಸರಿಟ್ಟ. ನಿಲ್ಲಿಸು, ಇಲ್ಲಿಗೆ ಸಾಕು ಎಂದು ಅದರ ಅರ್ಥ. ಬಂದೊಕೊರೊ ಹಳ್ಳಿಯಲ್ಲಿ ಆಗ ಇನ್ನೂ ಇಬ್ಬರು ತೊಮೆಯರಿದ್ದರು, ಹಾಗಾಗಿ ಹೆಸರಿನ ಬಗ್ಗೆ ಅವಳು ಎಂದೂ ಬೇಜಾರು ಮಾಡಿಕೊಳ್ಳಲಿಲ್ಲ. ಆರನೆಯದು ಗಂಡಾಯಿತು. ಅಪ್ಪ ಊರೆಲ್ಲ ಓಡಾಡಿ ಹೇಳಿಕೊಂಡು ಬಂದ.

ಅಪ್ಪನ ಕೆಲಸ ಹೊರೆ ಹೊರುವುದು. ನೊರಿಕುರಾ ಬೆಟ್ಟದ ತುದಿಗೆ ಸ್ವಲ್ಪ ಕೆಳಗೆ, ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ, ಇವಾಮಾ ಗೆನ್ಸಾಕು ಎಂಬಾತ ನಡೆಸುತ್ತಿದ್ದ ತಂಗುಮನೆ ಇತ್ತು. ಬೆಟ್ಟ ಹತ್ತುವವರು ಅಲ್ಲಿ ಮಲಗಿ, ಬೆಳಗಾಗುವ ಮೊದಲು ಎದ್ದು ಸೂರ್ಯೋದಯ ನೋಡಲು ಶಿಖರಕ್ಕೆ ಹೋಗುತ್ತಿದ್ದರು. ಅವರು ತಿನ್ನುವ ಅಕ್ಕಿ, ಸಾರಿಗೆ ಕದಡುವ ಸೋಯಾ ಹುದುಗು ಮಿಸೊ, ಉಪ್ಪಿನಕಾಯಿ, ಉರಿಸುವ ಸೀಮೆಎಣ್ಣೆ, ಹೊದೆಯುವ ರಜಾಯಿ ಎಲ್ಲವೂ ಹಳ್ಳಿಯಿಂದ ಮನುಷ್ಯರ ಬೆನ್ನ ಮೇಲೆಯೇ ಹೋಗಬೇಕಿತ್ತು. ಖಾಲಿ ಕೈಯಲ್ಲಿ ಹತ್ತುವವರಿಗೆ ಐದು ಗಂಟೆ, ಹೊರೆಯವರಿಗೆ ಏಳು.

ತೊಮೆಗೆ ಹದಿನೆಂಟಾದ ವರ್ಷ, ಜೂನ್ ತಿಂಗಳಲ್ಲಿ, ತಂಗುಮನೆ ತೆರೆಯುವ ಹೊತ್ತಿಗೆ ಸರಿಯಾಗಿ ಅಪ್ಪನ ಮಂಡಿ ಕೈಕೊಟ್ಟಿತು. ತಮ್ಮನಿಗೆ ಇನ್ನೂ ಹದಿನಾರು, ಜೊತೆಗೆ ದಮ್ಮು. ಅಕ್ಕಂದಿರು ಮದುವೆಯಾಗಿ ಹೋಗಿದ್ದರು. ತೊಮೆ ಅಪ್ಪ ಹೊರೆ ಕಟ್ಟುತ್ತಿದ್ದ ಮರದ ಚೌಕಟ್ಟನ್ನು ಬೆನ್ನಿಗೇರಿಸಿಕೊಂಡು ಗೆನ್ಸಾಕುವಿನ ಕೆಳಗಿನ ಉಗ್ರಾಣದ ಮುಂದೆ ಹೋಗಿ ನಿಂತಳು.

ಗೆನ್ಸಾಕು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ನಿಮ್ಮಪ್ಪ ಎಲ್ಲಿ?"

"ಮಲಗಿದ್ದಾನೆ. ಮಂಡಿ ಊದಿದೆ."

"ಹೆಂಗಸರ ಕೈಲಿ ಹೊರೆ ಹೊರಿಸಿದ್ರೆ ಬೆಟ್ಟದಮ್ಮ ಸುಮ್ನೆ ಬಿಡ್ತಾಳಾ? ಹೆಣ್ಣು ಕಂಡ್ರೆ ಆಯಮ್ಮನಿಗೆ ಹೊಟ್ಟೆಕಿಚ್ಚು. ಗಾಳಿ ಎಬ್ಬಿಸ್ತಾಳೆ."

"ನನ್ನ ಮುಖ ಒಂದ್ಸಲ ನೋಡಿ ಯಜಮಾನ್ರೇ. ಇದನ್ನ ಕಂಡು ಯಾರಿಗಾದ್ರೂ ಹೊಟ್ಟೆಕಿಚ್ಚು ಬರುತ್ತಾ?"

ಉಗ್ರಾಣದಲ್ಲಿದ್ದ ಉಳಿದ ಹೊರೆಯವರು ನಕ್ಕರು. ಗೆನ್ಸಾಕು ನಗಲಿಲ್ಲ. ಇಪ್ಪತ್ತನಾಲ್ಕು ಕಿಲೊ ತೂಗಿ ಕಟ್ಟಿಸಿದ. ಒಂದು ವಾರ ಅಷ್ಟೇ, ನಿಮ್ಮಪ್ಪ ಏಳುವವರೆಗೆ, ಅಂದ. ಅಪ್ಪ ಎದ್ದ, ಆದರೆ ಬೆಟ್ಟಕ್ಕೆ ಮತ್ತೆ ಹೋಗಲಿಲ್ಲ. ತೊಮೆ ನಲವತ್ತನಾಲ್ಕು ವರ್ಷ ಹೊತ್ತಳು.

ಮೊದಲ ದಿನ ಅವಳು ಮೂರು ಕಡೆ ಕೂತಳು, ಮೂರು ಕಡೆಯೂ ಏಳಲಾರದೆ ಒದ್ದಾಡಿದಳು. ಎರಡನೆಯ ದಿನ ಹಳಬರನ್ನು ನೋಡಿ ಕಲಿತಳು. ಅವರು ಕೂರುತ್ತಿರಲಿಲ್ಲ. ನಿಂತಲ್ಲೇ ಕೈಗೋಲನ್ನು ಚೌಕಟ್ಟಿನ ಅಡಿಗೆ ಆನಿಸಿ, ಭಾರವನ್ನು ಕೋಲಿಗೆ ಬಿಟ್ಟು, ಐವತ್ತು ಉಸಿರು ಎಳೆದುಕೊಂಡು ಮತ್ತೆ ನಡೆಯುತ್ತಿದ್ದರು. ಹೆಜ್ಜೆ ಚಿಕ್ಕದಿರಬೇಕು, ಬಾಯಿ ಮುಚ್ಚಿರಬೇಕು, ಕಣ್ಣು ಮುಂದಿನ ಎರಡು ಕಲ್ಲಿನ ಮೇಲಿರಬೇಕು. ಭೂರ್ಜದ ಕಾಡು ಮುಗಿದು, ನೆಲಕ್ಕೆ ಹಬ್ಬಿದ ಕುಳ್ಳು ಪೈನ್ ಗಿಡಗಳು ಶುರುವಾಗಿ, ಅವೂ ಮುಗಿದು ಬರಿ ಸುಟ್ಟ ಕಲ್ಲು ಉಳಿಯುವವರೆಗೆ ಇದೇ. ವಯಸ್ಸು ಇಪ್ಪತ್ತೈದು ತುಂಬುವ ಹೊತ್ತಿಗೆ ತೊಮೆ ಐವತ್ತೈದು ಕಿಲೊ ಹೊರುತ್ತಿದ್ದಳು. ಒಮ್ಮೆ ಕಬ್ಬಿಣದ ಒಲೆಯನ್ನು ಇಡಿಯಾಗಿ ಹೊತ್ತುಕೊಂಡು ಹೋದಳು. ಆ ದಿನ ಗೆನ್ಸಾಕು ಅವಳಿಗೆ ತನ್ನ ಕೈಯಾರೆ ಚಹಾ ಮಾಡಿಕೊಟ್ಟ. ಹೊಗಳಿದ್ದು ಅಷ್ಟೇ.

ತಂಗುಮನೆಯ ಬಾಗಿಲ ತೊಲೆಗೆ ಒಂದು ಕೊಕ್ಕೆ ತಕ್ಕಡಿ ತೂಗುಹಾಕಿತ್ತು. ಮೇಲೆ ಬಂದ ಹೊರೆ ಏನೇ ಇರಲಿ, ಗೆನ್ಸಾಕು ಅದನ್ನು ಕೊಕ್ಕೆಗೆ ಸಿಕ್ಕಿಸಿ ತೂಗದೆ ಒಳಗೆ ಬಿಡುತ್ತಿರಲಿಲ್ಲ. ದಾರಿಯಲ್ಲಿ ಮಿಸೊ ಹಗುರಾದದ್ದು ಅವನಿಗೆ ಗೊತ್ತಾಗುತ್ತಿತ್ತು.

ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಬೆಟ್ಟದ ಈ ಬದಿಯ, ನಗಾನೊ ಕಡೆಯ ರಸ್ತೆ ಮೇಲಿನವರೆಗೆ ಬಂತು. ಬೆಟ್ಟದ ಆಚೆ ಬದಿಯ ಹಿದಾ ಕಡೆಯಿಂದ ಮೊದಲೇ ಒಂದು ರಸ್ತೆ ಇತ್ತು, ಈಗ ಎರಡಾದವು. ಸಮುದ್ರಮಟ್ಟದಿಂದ ಎರಡು ಸಾವಿರದ ಏಳುನೂರು ಮೀಟರ್ ಎತ್ತರಕ್ಕೆ ಹಳ್ಳಿಯಿಂದಲೂ ಬಸ್ಸು ಹೋಗತೊಡಗಿತು. ಹೈಹೀಲ್ಡ್ ಚಪ್ಪಲಿ ಹಾಕಿಕೊಂಡ ಹೆಂಗಸರು, ಟೈ ಕಟ್ಟಿದ ಗಂಡಸರು ಅಲ್ಲಿಳಿದು, ಜುಲೈ ತಿಂಗಳ ಹಿಮದ ಮೇಲೆ ನಿಂತು ಫೋಟೊ ತೆಗೆಸಿಕೊಂಡು ವಾಪಸಾಗುತ್ತಿದ್ದರು. ಹೊರೆಯವರಲ್ಲಿ ಹೆಚ್ಚಿನವರು ಕೆಲಸ ಬಿಟ್ಟು ಅಣೆಕಟ್ಟಿನ ಕಾಮಗಾರಿಗೆ ಹೋದರು. ತೊಮೆ ಉಳಿದಳು. ಬಸ್ ನಿಲ್ದಾಣದಿಂದ ತಂಗುಮನೆಗೆ ಮುಕ್ಕಾಲು ಗಂಟೆಯ ದಾರಿ ಇತ್ತು, ಅಲ್ಲಿ ಚಕ್ರ ಹೋಗುತ್ತಿರಲಿಲ್ಲ. ಈಗ ಅವಳು ದಿನಕ್ಕೆ ಒಂದು ಹೊರೆಯ ಬದಲು ನಾಲ್ಕು ಹೊರೆ ಹೊರುತ್ತಿದ್ದಳು. ರಸ್ತೆ ಬಂದು ನಿನ್ನ ಕೆಲಸ ಹೋಯಿತಲ್ಲ ಎಂದು ಯಾರಾದರೂ ಮರುಕಪಟ್ಟರೆ, "ಹೆಚ್ಚಾಗಿದೆ" ಅನ್ನುತ್ತಿದ್ದಳು.

ಆ ಬಸ್ಸುಗಳಲ್ಲಿ ಒಂದನ್ನು ಹೊಶಿನಾ ರೋಕುರೊ ಓಡಿಸುತ್ತಿದ್ದ. ಮೂವತ್ತನಾಲ್ಕರ ಸಣಕಲ ಆಸಾಮಿ, ಬಿಳಿ ಕೈಗವಸು, ಇಸ್ತ್ರಿ ಮಾಡಿದ ಟೊಪ್ಪಿ. ಅವನಿಗೆ ಎತ್ತರ ಒಗ್ಗುತ್ತಿರಲಿಲ್ಲ. ಮೇಲಿನ ನಿಲ್ದಾಣ ತಲುಪುತ್ತಿದ್ದಂತೆ ತಲೆ ಸಿಡಿಯುತ್ತಿತ್ತು. ಉಪ್ಪು ಹಾಕಿ ಒಣಗಿಸಿದ ಹುಳಿಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು, ಸ್ಟಿಯರಿಂಗ್ ಮೇಲೆ ಹಣೆ ಇಟ್ಟು, ಇಳಿಯುವ ಹೊತ್ತಾಗುವವರೆಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಅವನೂ ತೊಮೆಯೂ ಆವರೆಗೆ ಆಡಿದ್ದ ಮಾತು "ಮೂಲಂಗಿ ಬಂದಿದೆ", "ಇಳಿಸಿ", ಇಷ್ಟೇ.

ಅರವತ್ತೈದರ ಅಕ್ಟೋಬರ್ ಮೊದಲ ವಾರ. ಇನ್ನೆರಡು ದಿನಕ್ಕೆ ತಂಗುಮನೆ ಮುಚ್ಚುವುದಿತ್ತು. ಬೆಳಿಗ್ಗೆ ಚೆನ್ನಾಗಿಯೇ ಇದ್ದ ಆಕಾಶ ಹನ್ನೊಂದರ ಹೊತ್ತಿಗೆ ಕಪ್ಪಿಟ್ಟು, ಹನ್ನೆರಡಕ್ಕೆ ಹಿಮ ಅಡ್ಡಡ್ಡ ಬೀಸತೊಡಗಿತು. ಎರಡು ಬಸ್ಸುಗಳು ಅವಸರದಲ್ಲಿ ಇಳಿದು ಹೋದವು. ಮೂರನೆಯದು ರೋಕುರೊನದು. ಅದರಲ್ಲಿ ಕೈಗಡಿಯಾರದ ಕಾರ್ಖಾನೆಯಿಂದ ಪ್ರವಾಸ ಬಂದಿದ್ದ ಮೂವತ್ತನಾಲ್ಕು ಹೆಂಗಸರಿದ್ದರು. ಅವರಲ್ಲಿ ಇಬ್ಬರು ಫೋಟೊ ತೆಗೆಯಲು ಹೋಗಿ ತಡ ಮಾಡಿದ್ದರು. ಬಸ್ಸು ಹೊರಟು ಎರಡನೆಯ ತಿರುವಿಗೆ ಹೋದಾಗ ಮೇಲಿನಿಂದ ಕಲ್ಲು ಮಣ್ಣು ಜಾರಿ ರಸ್ತೆಯನ್ನು ಮುಚ್ಚಿತ್ತು. ಅವನು ಹಿಮ್ಮುಖವಾಗಿಯೇ ಬಸ್ಸನ್ನು ನಿಲ್ದಾಣಕ್ಕೆ ತಂದು ನಿಲ್ಲಿಸಿದ. ಅಲ್ಲಿನ ಚಹಾ ಅಂಗಡಿಯವರು ಹಿಂದಿನ ವಾರವೇ ಬೀಗ ಹಾಕಿ ಹೋಗಿದ್ದರು.

ಕೊನೆಯ ಹೊರೆಗೆಂದು ಬಂದ ತೊಮೆ ಬಸ್ಸಿನ ಬಾಗಿಲು ಬಡಿದಳು. ಅವಳ ಚೌಕಟ್ಟಿನಲ್ಲಿ ಇಪ್ಪತ್ತು ಮೂಲಂಗಿ ಕಟ್ಟಿದ್ದವು.

"ಎಲ್ಲರನ್ನೂ ಇಳಿಸಿ. ತಂಗುಮನೆಗೆ ಕರ್ಕೊಂಡು ಹೋಗ್ತೀನಿ."

"ಆಗೋದಿಲ್ಲ," ಅಂದ ರೋಕುರೊ. "ಇಂಥಾ ಹೊತ್ತಲ್ಲಿ ಪ್ರಯಾಣಿಕರು ಬಸ್ಸಿನಲ್ಲೇ ಇರ್ಬೇಕು. ನಿಯಮ ಇದೆ."

"ನಿಯಮ ಬರೆದೋರು ಕೆಳಗೆ ಮತ್ಸುಮೊತೊ ಪೇಟೇಲಿ ಬೆಚ್ಚಗೆ ಕೂತಿದ್ದಾರೆ. ಹಿಂದ್ಗಡೆ ಹೋಗಿ ಹೊಗೆ ಕೊಳವೆ ನೋಡ್ಕೊಂಡು ಬನ್ನಿ. ಹಿಮ ಅರ್ಧ ಮುಚ್ಚಿದೆ. ಇಂಜಿನ್ ನಿಲ್ಸಿದ್ರೆ ಚಳಿಗೆ ಸಾಯ್ತಾರೆ, ನಿಲ್ಸದಿದ್ರೆ ಹೊಗೆಗೆ ಸಾಯ್ತಾರೆ. ಯಾವುದು ಬೇಕು ಹೇಳಿ."

ಅವನು ಹೋಗಿ ನೋಡಿ ಬಂದ. ಮುಖ ಬಿಳಿಚಿಕೊಂಡಿತ್ತು. "ಪ್ರಯಾಣಿಕರು ಹೋಗ್ಲಿ. ನಾನು ಬಸ್ ಬಿಟ್ಟು ಬರಲ್ಲ."

"ನಿಮ್ಮ ಬಸ್ಸನ್ನ ಇಲ್ಲಿ ಯಾರು ಕದೀತಾರೆ?"

"ಬರಲ್ಲ ಅಂದೆ."

ವಾದಿಸುತ್ತ ನಿಲ್ಲುವ ಹೊತ್ತಲ್ಲ. ತೊಮೆ ಚೌಕಟ್ಟನ್ನು ಬಸ್ಸಿನ ಪಕ್ಕ ಇಳಿಸಿಟ್ಟು, ಮೂಲಂಗಿ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು, ಹದಿನೇಳು ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಎಲ್ಲರೂ ಹಗ್ಗ ಹಿಡಿದುಕೊಳ್ಳುವಂತೆ ಮಾಡಿದಳು. ಬಸ್ಸಿನ ಕಂಡಕ್ಟರ್ ಹುಡುಗಿಯನ್ನು ಸಾಲಿನ ಬಾಲಕ್ಕೆ ನಿಲ್ಲಿಸಿ ಸೀಟಿ ಊದುತ್ತಿರು ಅಂದಳು. ಸೀಟಿ ನಿಂತರೆ ಯಾರೋ ಬಿದ್ದಿದ್ದಾರೆ ಎಂದು ತಿಳಿಯಬೇಕು. ಮುಕ್ಕಾಲು ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಅವರನ್ನು ಗೆನ್ಸಾಕುವಿನ ಒಲೆಯ ಮುಂದೆ ಬಿಟ್ಟು, ಒಬ್ಬಳೇ ಇಳಿದು, ಉಳಿದ ಹದಿನೇಳು ಮಂದಿಯನ್ನು ಕರೆತಂದಳು. ಅವರಲ್ಲೊಬ್ಬಳು ದಾರಿಯುದ್ದಕ್ಕೂ ಅಳುತ್ತಿದ್ದಳು. ಫೋಟೊ ತೆಗೆಯಲು ಹೋಗಿದ್ದ ಇಬ್ಬರಲ್ಲಿ ಅವಳೊಬ್ಬಳು.

"ಡ್ರೈವರ್ ಎಲ್ಲಿ?" ಎಂದು ಗೆನ್ಸಾಕು ಕೇಳಿದ.

"ಬಸ್ಸು ಕಾಯ್ತಿದ್ದಾನೆ."

ಗೆನ್ಸಾಕು ಕಿಟಕಿಯತ್ತ ನೋಡಿದ. ಆಚೆ ಏನೂ ಕಾಣುತ್ತಿರಲಿಲ್ಲ. "ನಾನೂ ಬರ್ತೀನಿ" ಅಂದ. ಅವನಿಗೆ ಅರವತ್ತೆಂಟು. "ನೀವು ಒಲೆ ನೋಡ್ಕೊಳ್ಳಿ" ಎಂದು ತೊಮೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಹೊರಟಳು.

ರೋಕುರೊ ಬಸ್ಸಿನ ಹಿಂದೆ, ಹಿಮದಲ್ಲಿ ಮಂಡಿಯೂರಿ ಕೂತಿದ್ದ. ಹೊಗೆ ಕೊಳವೆಯ ಬಾಯನ್ನು ಕೈಯಿಂದಲೇ ತೋಡುತ್ತಿದ್ದ. ಇಂಜಿನ್ ಯಾವಾಗಲೋ ನಿಂತಿತ್ತು, ಅವನಿಗೆ ಅದು ಗೊತ್ತಿರಲಿಲ್ಲ. ಬಿಳಿ ಕೈಗವಸು ಕೈಗೆ ಮಂಜುಗಟ್ಟಿ ಅಂಟಿಕೊಂಡಿತ್ತು. ಎದೆಯ ಮೇಲೆಲ್ಲ ವಾಂತಿ. ಹೆಸರೇನು ಎಂದು ಕೇಳಿದರೆ ಬಸ್ಸಿನ ನಂಬರು ಹೇಳಿದ. ಎಬ್ಬಿಸಿದರೆ ಎರಡು ಹೆಜ್ಜೆ ಇಟ್ಟು ಕುಸಿದ.

ತೊಮೆ ಬಸ್ಸಿನ ಪಕ್ಕ ಬಿಟ್ಟಿದ್ದ ಚೌಕಟ್ಟಿನಿಂದ ಮೂಲಂಗಿಯನ್ನೆಲ್ಲ ಹಿಮಕ್ಕೆ ಸುರಿದಳು. ಅವನನ್ನು ಬೆನ್ನಿಗೆ ಬೆನ್ನು ಬರುವಂತೆ ಕೂರಿಸಿ ಕಂಕುಳಲ್ಲಿ, ಸೊಂಟದಲ್ಲಿ, ತೊಡೆಯಲ್ಲಿ ಹಗ್ಗ ಬಿಗಿದಳು. ಕೋಲೂರಿ ಎದ್ದಳು. ಒಲೆಗಿಂತ ಹೆಚ್ಚೇನಿಲ್ಲ ಅನ್ನಿಸಿತು. ಆದರೆ ಒಲೆ ಅಲ್ಲಾಡುತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ಅವನಿಗೆ ಸ್ವಲ್ಪ ಪ್ರಜ್ಞೆ ಬಂತು.

"ಇಳ್ಸಿ. ನನ್ನ ಇಳ್ಸಿ. ಜನ ನೋಡ್ತಾರೆ."

"ಯಾವ ಜನ? ಹಿಮಕೋಳಿಗಳಾ?"

"ನಾನು ನಡೀತೀನಿ."

"ಹೊರೆ ಮಾತಾಡ್ಬಾರ್ದು. ಉಸಿರು ತಪ್ಪುತ್ತೆ."

ಆಮೇಲೆ ಅವನು ಮಾತಾಡಲಿಲ್ಲ. ಅದು ತೊಮೆಗೆ ಇನ್ನೂ ಕಷ್ಟವಾಯಿತು. ಬೆನ್ನ ಹಿಂದಿನ ಜೀವ ಇದೆಯೋ ಹೋಯಿತೋ ತಿಳಿಯದೆ, ಪ್ರತಿ ಐವತ್ತು ಹೆಜ್ಜೆಗೊಮ್ಮೆ ನಿಂತು ಮೊಣಕೈಯಿಂದ ಅವನ ಪಕ್ಕೆಗೆ ತಿವಿಯುತ್ತಿದ್ದಳು. ಅವನು "ಹ್ಞಾಂ" ಅಂದರೆ ಮುಂದೆ ನಡೆಯುತ್ತಿದ್ದಳು. ಅವಳಿಗೆ ಹೆದರಿಕೆಯಾದದ್ದು ಆ ದಿನ ಒಂದೇ ಸಲ. ಒಮ್ಮೆ ತಿವಿದಾಗ ಅವನು ಹ್ಞಾಂ ಅನ್ನಲಿಲ್ಲ. ಮತ್ತೆ ತಿವಿದಳು. "ನೋಯುತ್ತೆ" ಅಂದ.

ತಂಗುಮನೆಯ ಬಾಗಿಲಲ್ಲಿ ಗೆನ್ಸಾಕು ಮತ್ತು ನಾಲ್ವರು ಹೆಂಗಸರು ಚೌಕಟ್ಟಿಗೆ ಕೈ ಕೊಟ್ಟರು. ನಲವತ್ತು ವರ್ಷದ ಅಭ್ಯಾಸ; ಗೆನ್ಸಾಕು ಏನು ಮಾಡುತ್ತಿದ್ದೇನೆಂಬ ಗಮನವೇ ಇಲ್ಲದೆ ಚೌಕಟ್ಟನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ನೋಡಿ, "ಅರವತ್ತೊಂದು" ಎಂದು ಗಟ್ಟಿಯಾಗಿ ಹೇಳಿದ. ತೊಲೆಗೆ ನೇತಾಡುತ್ತಿದ್ದ ರೋಕುರೊ ಕಣ್ಣು ಬಿಟ್ಟ. ಅಷ್ಟು ಹೊತ್ತೂ ಅಳುತ್ತಿದ್ದ ಹೆಂಗಸು ಮೊದಲು ನಕ್ಕಳು. ಆಮೇಲೆ ಮೂವತ್ತನಾಲ್ಕು ಮಂದಿಯೂ ನಕ್ಕರು.

ಅವನ ಎಡಗೈಯ ಎರಡು ಬೆರಳ ತುದಿ ಹೋಯಿತು. ಉಳಿದಂತೆ ಚೇತರಿಸಿಕೊಂಡ. ಮೂರನೆಯ ದಿನ ರಸ್ತೆ ತೆರವಾಯಿತು. ಹೆಂಗಸರು ಊರಿಗೆ ಹೋಗಿ ಕಂಡಕಂಡವರಿಗೆಲ್ಲ ಕಥೆ ಹೇಳಿದರು. ಚಳಿಗಾಲ ಪೂರ್ತಿ ಬಂದೊಕೊರೊದಲ್ಲಿ ಅದೇ ಮಾತು. ಸಾರ್ವಜನಿಕ ಸ್ನಾನದ ಮನೆಯಲ್ಲಿ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಿದ್ದಂತೆ ಯಾರಾದರೂ ಶುರು ಮಾಡುತ್ತಿದ್ದರು: "ತೊಮೆ, ಬೇರೆಯೋರೆಲ್ಲ ಗಂಡು ಹುಡುಕ್ಕೊಂಡು ಹೋಗ್ತಾರೆ, ನೀನು ಹೊತ್ಕೊಂಡೇ ಬಂದ್ಯಲ್ಲೇ!" ತೊಮೆ ಬೆನ್ನು ಉಜ್ಜಿಕೊಳ್ಳುತ್ತ, "ಅರವತ್ತೊಂದೇ ಕಿಲೊ. ನಿನ್ನ ಗಂಡನ್ನ ಹೊರೋಕಾಗಲ್ಲ" ಅನ್ನುತ್ತಿದ್ದಳು.

ರೋಕುರೊಗೆ ಇದನ್ನು ತಡೆಯಲಾಗಲಿಲ್ಲ. ಕೇಳಿಕೊಂಡು ಪೇಟೆಯ ಮಾರ್ಗಕ್ಕೆ ಬದಲಾಯಿಸಿಕೊಂಡ. ಮುಂದಿನ ವರ್ಷವಿಡೀ ಅವನು ಬೆಟ್ಟದ ಕಡೆ ಬರಲಿಲ್ಲ. ಒಂದು ಕಾಗದವನ್ನೂ ಬರೆಯಲಿಲ್ಲ. ತೊಮೆಗೆ ಇದರಿಂದ ಸಿಟ್ಟು ಬಂತು. ತನಗೆ ಸಿಟ್ಟು ಬಂದಿದೆ ಎನ್ನುವುದು ಅವಳಿಗೇ ಆಶ್ಚರ್ಯವಾಯಿತು, ಏಕೆಂದರೆ ಕೃತಜ್ಞತೆ ಬೇಕೆಂದು ಅವಳು ಎಂದೂ ಅಂದುಕೊಂಡಿರಲಿಲ್ಲ.

ಅರವತ್ತೇಳರ ಆಗಸ್ಟ್‌ನಲ್ಲಿ, ತೊಮೆ ರಜೆ ತೆಗೆದುಕೊಂಡಿದ್ದ ಒಂದು ದಿನ, ಅವನು ಸೈಕಲ್ಲಿನಲ್ಲಿ ಅವಳ ಮನೆಗೆ ಬಂದ. ಹಿಂದಿನ ಕ್ಯಾರಿಯರಿನಲ್ಲಿ ಮೂಲಂಗಿಯ ಹೊರೆ. ಜಗಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ತೊಮೆಯ ಅಮ್ಮ ಎದ್ದು ನಿಂತಳು.

"ಯಾರಪ್ಪಾ ನೀನು? ನಮ್ಮ ತೋಟದಲ್ಲೇ ಮೂಲಂಗಿ ಇದೆ."

"ಇಪ್ಪತ್ತಿವೆ ಅಮ್ಮ," ಎಂದು ಅವನು ಟೊಪ್ಪಿ ತೆಗೆದ. "ನನ್ನಿಂದ ಅಷ್ಟು ಹಾಳಾಗಿತ್ತು."

ತೊಮೆ ಒಳಗಿನಿಂದ ಬಂದಳು. "ಎರಡು ವರ್ಷ ಬೇಕಾಯ್ತಾ ಬೆಳೆಯೋಕೆ?"

ಅವನು ತಲೆ ತಗ್ಗಿಸಿದ. "ನಾಚಿಕೆಯಾಗಿತ್ತು."

"ಈಗ?"

"ಈಗಲೂ ಆಗ್ತಿದೆ. ಆದ್ರೂ ಬಂದೆ." ಸೈಕಲ್ಲನ್ನು ಜಗಲಿಗೆ ಒರಗಿಸಿ ಹೇಳಿದ, "ಒಂದ್ಸಲ ನನ್ನ ಹೊತ್ತಿದ್ದೀರಿ. ಇನ್ನು ಮುಂದೆ ನಾನೇ ನಡೀತೀನಿ. ಜೊತೆಗೆ ನಡೆಯೋಕೆ ಒಪ್ಪಿಗೆ ಇದ್ಯಾ ಅಂತ ಕೇಳೋಕೆ ಬಂದೆ."

ಅಮ್ಮ ಹುರುಳಿಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

"ನಾನು ಹೊರೆ ಬಿಡಲ್ಲ," ಅಂದಳು ತೊಮೆ.

"ಬಿಡಿ ಅಂತ ಯಾರು ಹೇಳಿದ್ರು?"

ಅಕ್ಟೋಬರಿನಲ್ಲಿ, ತಂಗುಮನೆ ಮುಚ್ಚಿದ ಮೇಲೆ ಮದುವೆಯಾಯಿತು. ಮುಂದಿನ ಬೇಸಿಗೆಗೆ ಅವನು ಮತ್ತೆ ಬೆಟ್ಟದ ಮಾರ್ಗ ಕೇಳಿ ಪಡೆದ. ಅಷ್ಟು ತಲೆನೋವು ಬರುವಾಗ ಯಾಕೆ ಎಂದು ತೊಮೆ ಕೇಳಿದರೆ, "ಆ ದಾರೀಲಿ ತಿರುವುಗಳು ಚೆನ್ನಾಗಿವೆ" ಅಂದ. ಬೆಳಗಿನ ಮೊದಲ ಬಸ್ಸಿನಲ್ಲಿ ಅವಳು ಅವನ ಹಿಂದಿನ ಸೀಟಿನಲ್ಲಿ ಚೌಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಬಸ್ಸಿನಲ್ಲಿ ಅವನನ್ನು "ಹೊಶಿನಾ ಅವರೇ" ಎಂದೇ ಕರೆಯುತ್ತಿದ್ದಳು. ಸಮವಸ್ತ್ರದಲ್ಲಿರುವ ಮನುಷ್ಯನನ್ನು ಇನ್ನು ಹೇಗೆ ಕರೆಯುವುದು.

ಮದುವೆಯ ಎರಡನೆಯ ವರ್ಷ ತೊಮೆ ಬಸುರಿಯಾದಳು. ಐದನೆಯ ತಿಂಗಳು ಮಗು ಹೋಯಿತು. ಆಗ ಚಳಿಗಾಲ, ಅವಳು ಹೊರೆ ಮುಟ್ಟದೆ ಮೂರು ತಿಂಗಳಾಗಿತ್ತು. ಆದರೂ ರೋಕುರೊನ ತಾಯಿ, "ಬೆನ್ನ ಮೇಲೆ ಊರೆಲ್ಲ ಹೊತ್ತೋಳಿಗೆ ಹೊಟ್ಟೇಲಿ ಎಲ್ಲಿ ನಿಲ್ಲುತ್ತೆ?" ಎಂದಳು. ರೋಕುರೊ ಊಟದ ಬಟ್ಟಲನ್ನು ಕೆಳಗಿಟ್ಟು, "ಅಮ್ಮಾ, ಇವಳ ಬೆನ್ನು ಇಲ್ದಿದ್ರೆ ನಿನ್ನ ಹೊಟ್ಟೇಲಿ ಹುಟ್ಟಿದ್ದೂ ಉಳೀತಿರಲಿಲ್ಲ" ಅಂದ. ಆ ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಮಗುವೂ ಬರಲಿಲ್ಲ. ಜೂನ್ ತಿಂಗಳಲ್ಲಿ ತೊಮೆ ಎಂದಿನಂತೆ ಮೊದಲ ಬಸ್ಸು ಹತ್ತಿದಳು. ಆ ಬೇಸಿಗೆಯಲ್ಲಿ ಅವಳು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತಳೆಂದು ಗೆನ್ಸಾಕು ಗಮನಿಸಿದ. ಒಂದು ದಿನ ಬಸ್ ನಿಲ್ದಾಣಕ್ಕೆ ಇಳಿದು ಬಂದು, ಅವಳ ಹೊರೆಯಿಂದ ಸಕ್ಕರೆಯ ಚೀಲವನ್ನು ತೆಗೆದು ಪಕ್ಕಕ್ಕಿಟ್ಟು, "ಇದು ನಾಳೆಗೂ ಇರುತ್ತೆ" ಅಂದ.

ರೋಕುರೊ ಒಟ್ಟು ಇಪ್ಪತ್ತೇಳು ಬೇಸಿಗೆ ಆ ದಾರಿಯಲ್ಲಿ ಬಸ್ಸು ಓಡಿಸಿದ. ಲಕ್ಷಗಟ್ಟಲೆ ಜನರನ್ನು ಬೆಟ್ಟಕ್ಕೆ ತಂದು ಬಿಟ್ಟವನು ಶಿಖರಕ್ಕೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ನಿಲ್ದಾಣದಿಂದ ಒಂದೂವರೆ ಗಂಟೆಯ ದಾರಿ, ಎಂಟು ವರ್ಷದ ಮಕ್ಕಳು ಹತ್ತುತ್ತಾರೆ. ಮೇಲಿಂದ ಏನು ಕಾಣುತ್ತದೆ ಎಂದು ಪ್ರಯಾಣಿಕರು ಕೇಳಿದರೆ ತೊಮೆ ಹೇಳಿದ್ದನ್ನು ಹೇಳುತ್ತಿದ್ದ: ಬಡಗಣದಲ್ಲಿ ಯಾರಿ, ಹೊತಾಕಾ ಶಿಖರಗಳು, ತೆಂಕಣದಲ್ಲಿ ಒಂತಾಕೆ, ಪಡುವಣದಲ್ಲಿ ಹಾಕುಸಾನ್, ಗಾಳಿ ತೊಳೆದಂತಿರುವ ದಿನ ಫುಜಿ. ಸ್ವತಃ ನೋಡಿದವನ ಹಾಗೆ ಕೈ ತೋರಿಸುತ್ತಿದ್ದ, ಮೊಟಕು ಬೆರಳಿನ ಕೈಯಲ್ಲಿ.

ತೊಂಬತ್ತೊಂದರಲ್ಲಿ ಅವನು ನಿವೃತ್ತನಾದ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಇಬ್ಬರೂ ಪ್ರಯಾಣಿಕರಾಗಿ ಬಸ್ಸಿನಲ್ಲಿ ಬಂದಿಳಿದರು. ತೊಮೆಯ ಬೆನ್ನ ಮೇಲೆ ಏನೂ ಇರಲಿಲ್ಲ. ಅನ್ನದ ಉಂಡೆಗಳ ಗಂಟು ಕೂಡ ಅವನ ಕೈಯಲ್ಲಿತ್ತು. ಪ್ರತಿ ನೂರು ಹೆಜ್ಜೆಗೆ ಅವನು ನಿಂತ. ಅವಳೂ ನಿಂತಳು. ತಂಗುಮನೆಯಲ್ಲಿ ಗೆನ್ಸಾಕುವಿನ ಮೊಮ್ಮಗಳು ಬಿಸಿ ಚಹಾ ಕೊಟ್ಟಳು. ಗೆನ್ಸಾಕು ತೀರಿಕೊಂಡು ಹತ್ತು ವರ್ಷವಾಗಿತ್ತು. ಮೂರು ಗಂಟೆ ತೆಗೆದುಕೊಂಡು ಇಬ್ಬರೂ ಶಿಖರದ ಪುಟ್ಟ ದೇಗುಲದ ಹಿಂದೆ, ಗಾಳಿಗೆ ಮರೆಯಾದ ಜಾಗದಲ್ಲಿ ಕೂತರು. ಸುತ್ತ ಮೋಡ. ಹತ್ತು ಮಾರು ಆಚೆಗೆ ಏನೂ ಇಲ್ಲ.

"ಯಾರಿ ಎಲ್ಲಿ?" ಅಂದ ರೋಕುರೊ.

ತೊಮೆ ಒಂದು ಕಡೆ ಕೈ ತೋರಿಸಿದಳು. ಆಮೇಲೆ ಕೈ ಸ್ವಲ್ಪ ಎಡಕ್ಕೆ ಸರಿಸಿದಳು. ಆಮೇಲೆ ಇಳಿಸಿದಳು.

"ಸರಿಯಾಗಿ ಗೊತ್ತಿಲ್ಲ."

"ಗೊತ್ತಿಲ್ವಾ? ನೀನೇ ಅಲ್ವಾ ಹೇಳಿದ್ದು?"

"ಗೆನ್ಸಾಕು ಹೇಳ್ತಿದ್ದದ್ದನ್ನ ಹೇಳ್ದೆ. ನಾನು ಇಲ್ಲಿಗೆ ಬಂದಿರೋದು ದೇಗುಲದ ಸಾಮಾನು ಹೊತ್ಕೊಂಡು. ಇಳ್ಸಿ, ತಿರುಗಿ ಹೋಗ್ತಿದ್ದೆ. ನೋಡೋಕೆ ಯಾರು ನಿಲ್ತಾರೆ? ಕೆಳಗೆ ಇನ್ನೊಂದು ಹೊರೆ ಕಾಯ್ತಿರ್ತಿತ್ತು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕದ್ದಕ್ಕೆ ತಲೆನೋವು ಹೆಚ್ಚಾಯಿತು. ಎರಡು ಗಂಟೆ ಕಾದರು. ಒಮ್ಮೆ ಮಾತ್ರ ಕೆಳಗಡೆ ಮೋಡ ಹರಿದು, ಎಂದೋ ಬೆಂಕಿ ಉಗುಳಿದ್ದ ಬೆಟ್ಟದ ಹಳೆಯ ಬಾಯಲ್ಲಿ ನಿಂತ ಕೊಳದ ನೀಲಿ ನೀರು, ಅದರಾಚೆ ದೂರದಲ್ಲಿ ರಸ್ತೆಯ ಒಂದು ತುಂಡು, ಅದರ ಮೇಲೆ ಹತ್ತುತ್ತಿದ್ದ ಬಸ್ಸು ಕಂಡವು. ರೋಕುರೊ ಕೊಳವನ್ನು ನೋಡಲಿಲ್ಲ. ಗಡಿಯಾರ ನೋಡಿ, "ಹನ್ನೊಂದೂವರೆ ಬಸ್ಸು ಆರು ನಿಮಿಷ ತಡ" ಅಂದ. ಮೋಡ ಮತ್ತೆ ಮುಚ್ಚಿಕೊಂಡಿತು. ಅವರು ಇಳಿದು ಬಂದರು.

ತೊಮೆ ಇನ್ನೂ ಐದು ಬೇಸಿಗೆ ಹೊತ್ತು, ಅರವತ್ತೆರಡಕ್ಕೆ ನಿಲ್ಲಿಸಿದಳು. ಯಾವ ಕಾರಣವೂ ಇರಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಹೋಗಬೇಕೆನ್ನಿಸಲಿಲ್ಲ, ಅಷ್ಟೇ. ಈಗ ಆ ದಾರಿಯಲ್ಲಿ ಟ್ಯಾಂಕಿನಂತೆ ಪಟ್ಟಿಗಳ ಮೇಲೆ ಉರುಳುವ ಸಣ್ಣ ಗಾಡಿಯೊಂದು ಸಾಮಾನು ಸಾಗಿಸುತ್ತದೆ. ರೋಕುರೊ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮಾರ್ಚ್ ತಿಂಗಳಲ್ಲಿ, ಒಂದು ವಾರದ ಜ್ವರಕ್ಕೆ ಹೋದ. ಕೊನೆಯ ದಿನಗಳಲ್ಲಿ ಅವನನ್ನು ಹಾಸಿಗೆಯಿಂದ ಎತ್ತಿ ಕೂರಿಸುವ ಕೆಲಸಕ್ಕೆ ದಾದಿಯರು ಬಂದರೆ ತೊಮೆ ಅವರನ್ನು ಪಕ್ಕಕ್ಕೆ ಸರಿಸುತ್ತಿದ್ದಳು. "ನೀವು ಸೊಂಟದಿಂದ ಎತ್ತುತ್ತೀರಿ. ಕಾಲಿಂದ ಎತ್ಬೇಕು" ಎಂದು ತೋರಿಸಿಕೊಡುತ್ತಿದ್ದಳು. ಅವರು ಕಲಿತರು.

ಅವಳಿಗೆ ಈಗ ತೊಂಬತ್ತು ದಾಟಿದೆ. ಅಕ್ಕನ ಮಗಳ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಗೋಧಿಯ ಕಡುಬಿಗೆ ಸೊಪ್ಪು ಹೆಚ್ಚಿಕೊಡುತ್ತಾಳೆ, ಹತ್ತು ಗಂಟೆಗೆ ಸ್ನಾನದ ಮನೆಗೆ ಹೋಗುತ್ತಾಳೆ. ಸ್ನಾನದ ತೊಟ್ಟಿಯ ಪಕ್ಕದ ಕಿಟಕಿಯಿಂದ ಬೆಟ್ಟ ಪೂರ್ತಿಯಾಗಿ ಕಾಣುತ್ತದೆ. ಪ್ರವಾಸಿಗಳು ಅದನ್ನು ನೋಡುತ್ತ ಬಾಯಿ ತೆರೆದು ಕೂರುತ್ತಾರೆ. ತೊಮೆ ಅದಕ್ಕೆ ಬೆನ್ನು ಮಾಡಿ ಕೂರುತ್ತಾಳೆ, ಏಕೆಂದರೆ ಬಿಸಿನೀರಿನ ಕೊಳವೆ ಆ ಬದಿಯಲ್ಲಿದೆ.